ಮೈದಾನದ ಮಕ್ಕಳ ತಟ್ಟೆಗೆ ಮೊಬೈಲ್ ಪಾಠ

ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳಲ್ಲಿ ಓದುತ್ತ, ಓಟ, ಜಿಗಿತ, ಕಬಡ್ಡಿ, ವಾಲಿಬಾಲ್ ಎಂದು ಬೆಳಗಿನ ಜಾವಕ್ಕೇ ಮೈದಾನಕ್ಕಿಳಿಯುವ ಮಕ್ಕಳಿರುವ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. "ಫಾದರ್, ಮಗಳ ಮೊಬೈಲಿನಲ್ಲಿ ಕೋಚ್ ಒಂದು ಆ್ಯಪ್ ಹಾಕಿಸಿದ್ದಾರೆ. ತಿಂದದ್ದನ್ನೆಲ್ಲ ಅದಕ್ಕೆ ಹೇಳಬೇಕಂತೆ. ಅದು ಲೆಕ್ಕ ಕೊಡುತ್ತದಂತೆ. ಇದೆಲ್ಲ ಬೇಕೇ?" ಎಂದು ಪಾಲಕರು ಕೇಳುತ್ತಾರೆ. ಕೇಳುವವರ ಧ್ವನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಆತಂಕ. ಮೊಬೈಲ್ ಎಂದೊಡನೆ ಶಾಪ ಹಾಕುವುದು ನಮ್ಮಂಥ ಧರ್ಮಗುರುಗಳಿಗೆ ಸುಲಭದ ಕೆಲಸ. ಅದನ್ನು ಕೇಳಿ ಜನರಿಗೂ ಅಭ್ಯಾಸವಾಗಿದೆ. ಆದರೆ ಈ ವಿಷಯದಲ್ಲಿ ಹಾಗೆ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಮಕ್ಕಳ ರಕ್ತಮಾಂಸದ ಪ್ರಶ್ನೆ ಇದು.

ಮೊದಲು ಇದರ ಅಗತ್ಯವೇನೆಂಬುದನ್ನು ಒಪ್ಪಿಕೊಳ್ಳೋಣ. ಬೆಳಿಗ್ಗೆ ಐದೂವರೆಗೆ ಎದ್ದು, ಒಂದು ಲೋಟ ಚಹಾ, ಎರಡು ಬಿಸ್ಕತ್ತು ತಿಂದು ಒಂದೂವರೆ ಗಂಟೆ ಓಡುವ ಹುಡುಗಿ, ಬೆವರೊರೆಸಿಕೊಂಡು ಬಸ್ಸು ಹಿಡಿದು, ಖಾಲಿ ಹೊಟ್ಟೆಯಲ್ಲಿ ಮೊದಲ ಎರಡು ಪಿರಿಯಡ್ ಕುಳಿತುಕೊಳ್ಳುತ್ತಾಳೆ. ಇದು ಅಪರೂಪದ ಸಂಗತಿಯಲ್ಲ. ಅವಳ ತಾಯಿಗೆ ಅಡುಗೆ ಚೆನ್ನಾಗಿ ಗೊತ್ತು. ಆದರೆ ಆ ತಿಳಿವಳಿಕೆ ಸಾಧಾರಣವಾಗಿ ಬೆಳೆಯುವ ಮಗುವಿಗೆ ಸಾಕಾಗುವಂಥದು. ದೈಹಿಕ ಶಿಕ್ಷಕರಿಗೆ ಓಟದ ತಂತ್ರ ಗೊತ್ತು, ತಟ್ಟೆಯ ವಿಚಾರ ಅವರ ಪಠ್ಯದಲ್ಲಿ ಒಂದೆರಡು ಪುಟವಷ್ಟೆ. ಆಹಾರತಜ್ಞರೊಬ್ಬರನ್ನು ನೇಮಿಸಿಕೊಂಡಿರುವ ಶಾಲೆ ನಮ್ಮ ಜಿಲ್ಲೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಈ ತೆರವನ್ನು ಯಾರಾದರೂ ತುಂಬಲೇಬೇಕು. ಇಲ್ಲವಾದರೆ ಅದನ್ನು ಪುಡಿಯ ಡಬ್ಬ ಮಾರುವವನು ತುಂಬುತ್ತಾನೆ. ತುಂಬುತ್ತಲೂ ಇದ್ದಾನೆ.

ಆ್ಯಪ್ ಎಂಬುದು ಆಕಾಶದಿಂದ ಉದುರಿದ್ದಲ್ಲ ಎಂಬುದನ್ನೂ ನೆನಪಿಡಬೇಕು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಶೋಧನೆಗೆಂದು ಒಂದು ಸಣ್ಣ ಘಟಕವನ್ನು ಆರಂಭಿಸಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 1937ರಲ್ಲಿ ಅಲ್ಲಿನ ಆಯ್‌ಕ್ರಾಯ್ಡ್ ಅವರು ಭಾರತದ ಆಹಾರವಸ್ತುಗಳ ಪೋಷಕಾಂಶಗಳನ್ನು ಪಟ್ಟಿಮಾಡಿ ಒಂದು ಕಿರುಪುಸ್ತಕವನ್ನು ತಂದರು. ಅನಂತರ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಆ ಕೆಲಸವನ್ನು ಮುಂದುವರಿಸಿದರು. 2017ರಲ್ಲಿ ಅದೇ ಸಂಸ್ಥೆ ದೇಶದ ನಾನಾ ಭಾಗಗಳಿಂದ ಮಾದರಿಗಳನ್ನು ತರಿಸಿ ಪರೀಕ್ಷಿಸಿ, 528 ಆಹಾರವಸ್ತುಗಳ ಸಂಯೋಜನೆಯನ್ನು ಹೊಸದಾಗಿ ಪ್ರಕಟಿಸಿತು. ಆ ಮಾಹಿತಿಯನ್ನು ಜನಸಾಮಾನ್ಯರ ಕೈಗೆ ತಲುಪಿಸಲೆಂದು ಮುಂದೆ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಆ್ಯಪನ್ನೂ ಹೊರತಂದಿತು. ಖಾಸಗಿಯವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನಲ್ಲಿ 2012ರಲ್ಲಿ ಹುಟ್ಟಿದ 'ಹೆಲ್ತಿಫೈಮಿ' ಇಡ್ಲಿ, ದೋಸೆಗಳ ಲೆಕ್ಕವನ್ನೂ ಕೊಡುವುದರಿಂದ ಹೆಸರಾಯಿತು. ಅಂದಮೇಲೆ, ಒಂದು ಕಾಲಕ್ಕೆ ಪ್ರಯೋಗಾಲಯದ ಕಪಾಟಿನಲ್ಲಿದ್ದ ಪುಸ್ತಕ ಇಂದು ನಮ್ಮ ಮಗಳ ಅಂಗೈಗೆ ಬಂದಿದೆ. ಇದನ್ನು ತುಚ್ಛವಾಗಿ ಕಾಣಲು ನನಗೆ ಕಾರಣ ತೋರುವುದಿಲ್ಲ.

ಆ ಪುಸ್ತಕ ಏನು ಕಲಿಸಬಲ್ಲದು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಸಾಧಾರಣ ಮನುಷ್ಯನಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 0.83 ಗ್ರಾಂ ಪ್ರೊಟೀನ್ ಬೇಕೆಂದು ನಮ್ಮ ದೇಶದ 2020ರ ಶಿಫಾರಸು ಹೇಳುತ್ತದೆ. ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂವರೆಗೆ ಬೇಕಾಗಬಹುದೆಂದು 2016ರಲ್ಲಿ ಅಮೆರಿಕ ಮತ್ತು ಕೆನಡಾದ ಕ್ರೀಡಾವೈದ್ಯ ಹಾಗೂ ಆಹಾರತಜ್ಞರ ಸಂಘಟನೆಗಳು ಒಟ್ಟಾಗಿ ಹೇಳಿದವು. 50 ಕಿಲೋ ತೂಗುವ ಓಟಗಾರ್ತಿಗೆ 70 ಗ್ರಾಂ ಎಂದಿಟ್ಟುಕೊಳ್ಳಿ. ಇಷ್ಟನ್ನು ಕೇಳಿದೊಡನೆ ಪಾಲಕರು ಪೇಟೆಗೆ ಹೋಗಿ ಡಬ್ಬ ತರಲು ಹೊರಡುತ್ತಾರೆ. ಸ್ವಲ್ಪ ತಾಳಿ. ದಿನವಿಡೀ ಸೇರಿ 300 ಗ್ರಾಂ ಕುಚ್ಚಲಕ್ಕಿಯ ಅನ್ನವೋ ಗಂಜಿಯೋ ಹೊಟ್ಟೆಗೆ ಹೋದರೆ ಅದರಲ್ಲೇ ಸುಮಾರು 23 ಗ್ರಾಂ ಇದೆ. 60 ಗ್ರಾಂ ಹೆಸರುಕಾಳಿನಲ್ಲೋ ಹುರುಳಿಯಲ್ಲೋ 13 ಗ್ರಾಂ. ನೂರು ಗ್ರಾಂ ಬೂತಾಯಿ ಅಥವಾ ಬಂಗುಡೆ ಮೀನಿನಲ್ಲಿ ಹೆಚ್ಚುಕಡಿಮೆ 20 ಗ್ರಾಂ. ಎರಡು ಮೊಟ್ಟೆಯಲ್ಲಿ 12. ಒಂದು ಹಿಡಿ ನೆಲಗಡಲೆಯಲ್ಲಿ 7. ಕೂಡಿಸಿ ನೋಡಿ, 75 ಗ್ರಾಂ ಆಯಿತು. ಡಬ್ಬದ ಮುಚ್ಚಳ ತೆರೆಯುವ ಮುನ್ನವೇ ಲೆಕ್ಕ ಮುಗಿಯಿತು. ಈ ಕೂಡುವ ಲೆಕ್ಕವನ್ನು ಒಂದು ಮಗು ತಾನೇ ಮಾಡಿ ಕಂಡುಕೊಂಡರೆ, ಅದು ಹತ್ತು ಉಪನ್ಯಾಸಗಳಿಗಿಂತ ಮೇಲು. ಆ್ಯಪ್ ಇದನ್ನು ಚೆನ್ನಾಗಿ ಮಾಡಿಸುತ್ತದೆ.

ಇನ್ನೊಂದು ತಪ್ಪು ಕಲ್ಪನೆಯೂ ಇದರಿಂದ ತೊಲಗಬಹುದು. ಅನ್ನ ಬಿಟ್ಟರೆ ಮೈ ಹಗುರಾಗುತ್ತದೆ, ಮೈ ಹಗುರಾದರೆ ಓಟ ವೇಗವಾಗುತ್ತದೆ ಎಂಬ ನಂಬಿಕೆ ಈಗ ಹಳ್ಳಿಯ ಮೈದಾನಗಳಿಗೂ ಬಂದಿದೆ. ದಿನಕ್ಕೆ ಸುಮಾರು ಒಂದು ಗಂಟೆ ಮಧ್ಯಮ ಶ್ರಮದ ಅಭ್ಯಾಸ ಮಾಡುವವರಿಗೂ ತೂಕದ ಪ್ರತಿ ಕಿಲೋಗೆ 5ರಿಂದ 7 ಗ್ರಾಂ ಶರ್ಕರಪಿಷ್ಟ ಬೇಕು. ನಮ್ಮ 50 ಕಿಲೋದ ಹುಡುಗಿಗೆ ಅದು 250ರಿಂದ 350 ಗ್ರಾಂ. ಮೇಲೆ ಹೇಳಿದ 300 ಗ್ರಾಂ ಅಕ್ಕಿ ಅದರಲ್ಲಿ ಸುಮಾರು 230 ಗ್ರಾಂ ಕೊಡುತ್ತದೆ. ಉಳಿದದ್ದಕ್ಕೆ ಬಾಳೆಹಣ್ಣು, ಬೆಲ್ಲ, ಗೆಣಸು ಇವೆ. ಸ್ನಾಯುಗಳಿಗೆ ಓಡುವ ಹೊತ್ತಿನಲ್ಲಿ ಬೇಕಾಗುವ ಇಂಧನ ಇದೇ. ನಮ್ಮ ಹಿರಿಯರು ಗದ್ದೆಗೆ ಇಳಿಯುವ ಮುನ್ನ ಗಂಜಿ ಕುಡಿದದ್ದು ಅಜ್ಞಾನದಿಂದಲ್ಲ.

ಕಬ್ಬಿಣದ ಅಂಶದ ಬಗ್ಗೆ ಎರಡು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಹುಡುಗರಲ್ಲಿ ನೂರಕ್ಕೆ 31. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿರುವ ಹುಡುಗಿಗೆ 800 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಕಾಲು ಏಳದಿದ್ದರೆ, ಅವಳಿಗೆ ಛಲವಿಲ್ಲ ಎಂದು ಬೈಯುವ ತರಬೇತುದಾರರನ್ನು ನಾನು ನೋಡಿದ್ದೇನೆ. ಛಲ ರಕ್ತದಲ್ಲಿರುತ್ತದೆ ಎಂಬ ಗಾದೆಯಂಥ ಮಾತು ಇಲ್ಲಿ ಅಕ್ಷರಶಃ ನಿಜ. ಊಟದೊಂದಿಗೇ ಚಹಾ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತುವುದಿಲ್ಲ, ಅದೇ ಊಟಕ್ಕೆ ಲಿಂಬೆ ಹಿಂಡಿದರೆ ಅಥವಾ ಒಂದು ಪೇರಳೆ ತಿಂದರೆ ಹೆಚ್ಚು ಹತ್ತುತ್ತದೆ. ಇಂಥ ಸಣ್ಣ ಸಂಗತಿಗಳನ್ನು ದಿನಕ್ಕೊಂದರಂತೆ ಮೊಬೈಲಿನ ಪರದೆಯ ಮೇಲೆ ಚಿತ್ರಸಹಿತ ತೋರಿಸಿದರೆ ಮಕ್ಕಳು ಮರೆಯುವುದಿಲ್ಲ. ಆದರೆ ಆ್ಯಪಿಗೆ ಹುಡುಗಿಯ ರಕ್ತ ಕಾಣುವುದಿಲ್ಲ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಬೇಕು.

ಇಷ್ಟರವರೆಗೆ ನಾನು ಆ್ಯಪಿನ ಪರವಾಗಿ ವಾದಿಸಿದಂತಾಯಿತು. ಇನ್ನು ನನ್ನ ಅಂಜಿಕೆಯನ್ನು ಹೇಳುತ್ತೇನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವವರೆಲ್ಲ ಅರಿಸ್ಟಾಟಲನ ನೀತಿಶಾಸ್ತ್ರದ ಎರಡನೆಯ ಅಧ್ಯಾಯವನ್ನು ಓದಿರುತ್ತಾರೆ. ಸದ್ಗುಣವೆಂಬುದು ಎರಡು ಅತಿಗಳ ನಡುವಿನ ಮಧ್ಯಮಾರ್ಗ ಎಂಬ ಅವನ ಸಿದ್ಧಾಂತ ಎಲ್ಲರಿಗೂ ಪರಿಚಿತ. ಆದರೆ ಅದನ್ನು ವಿವರಿಸಲು ಅವನು ಆಯ್ದುಕೊಂಡ ಉದಾಹರಣೆ ಕ್ರೀಡಾಪಟುವಿನ ಊಟದ್ದು ಎಂಬುದು ಹಲವರಿಗೆ ಮರೆತುಹೋಗಿರುತ್ತದೆ. ಹತ್ತು ಮಿನಾ ತೂಕದ ಆಹಾರ ಹೆಚ್ಚಾಯಿತು, ಎರಡು ಮಿನಾ ಕಡಿಮೆಯಾಯಿತು ಎಂದಿಟ್ಟುಕೊಂಡರೆ, ತರಬೇತುದಾರನು ಗಣಿತದ ಪ್ರಕಾರ ನಡುವಿನ ಆರು ಮಿನಾವನ್ನು ಎಲ್ಲರಿಗೂ ವಿಧಿಸುವುದಿಲ್ಲ. ಅದು ಮಿಲೋನಿಗೆ ತೀರ ಕಡಿಮೆ, ವ್ಯಾಯಾಮವನ್ನು ಈಗಷ್ಟೇ ಆರಂಭಿಸಿದವನಿಗೆ ತೀರ ಹೆಚ್ಚು. ಕ್ರೋಟೋನ್ ಎಂಬ ಊರಿನ ಈ ಮಿಲೋ ಕ್ರಿಸ್ತಪೂರ್ವ ಆರನೆಯ ಶತಮಾನದ ಜಗಜಟ್ಟಿ. ಒಲಿಂಪಿಯಾದಲ್ಲಿ ಆರು ಸಲ ಕುಸ್ತಿ ಗೆದ್ದವನು. ಅರಿಸ್ಟಾಟಲನ ಮಾತಿನ ತಿರುಳು ಇಷ್ಟು: ವಸ್ತುವಿನ ಮಧ್ಯ ಬೇರೆ, ಮನುಷ್ಯನ ಮಧ್ಯ ಬೇರೆ. ಮೊದಲನೆಯದನ್ನು ಗಣಿತ ಕೊಡುತ್ತದೆ, ಎರಡನೆಯದನ್ನು ವಿವೇಕ ಮಾತ್ರ ಕೊಡುತ್ತದೆ, ಅದೂ ಎದುರಿಗಿರುವ ಈ ಒಬ್ಬ ವ್ಯಕ್ತಿಯನ್ನು ನೋಡಿ.

ಆ್ಯಪ್ ಕೊಡುವುದು ಆರು ಮಿನಾವನ್ನು. ವಯಸ್ಸು, ಎತ್ತರ, ತೂಕ ಕೇಳುತ್ತದೆ, ಒಂದು ಅಂಕಿ ಕೊಡುತ್ತದೆ. ಆ ಹುಡುಗಿ ಬಸ್ಸಿಗೆ ಎರಡು ಮೈಲಿ ನಡೆಯುತ್ತಾಳೆಯೇ, ಮನೆಗೆ ಬಂದು ಬಾವಿಯಿಂದ ನೀರು ಸೇದುತ್ತಾಳೆಯೇ, ಈ ವರ್ಷ ಒಮ್ಮೆಗೇ ಮೂರಂಗುಲ ಬೆಳೆದಳೇ ಎಂಬುದು ಅದಕ್ಕೆ ತಿಳಿಯದು. ಇನ್ನು ನಮ್ಮ ಅಡುಗೆಯ ಅಳತೆಯೂ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಒಂದು ಬಟ್ಟಲು ಗಂಜಿಯೆಂದರೆ ಒಂದು ಮನೆಯಲ್ಲಿ ಮುಕ್ಕಾಲು ಅನ್ನ, ಇನ್ನೊಂದು ಮನೆಯಲ್ಲಿ ಮುಕ್ಕಾಲು ತಿಳಿ. ಮೀನಿನ ಗಸಿಯ ಫೋಟೋ ತೆಗೆದು ತೋರಿಸಿದರೆ ಅದರೊಳಗೆ ಅರೆದು ಸೇರಿಸಿದ ತೆಂಗಿನಕಾಯಿ ಅರ್ಧ ಹೋಳೋ ಒಂದು ಹೋಳೋ ಎಂದು ಹೇಳುವ ಯಂತ್ರವನ್ನು ನಾನಂತೂ ಕಂಡಿಲ್ಲ.

ಈ ತಪ್ಪು ಬರೀ ಲೆಕ್ಕದ ತಪ್ಪಾಗಿದ್ದರೆ ಚಿಂತೆಯಿರಲಿಲ್ಲ. ಪೇಟೆಯಲ್ಲಿ ಸಿಗುವ ಆ್ಯಪ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ತೂಕ ಇಳಿಸಬಯಸುವ ದೊಡ್ಡವರಿಗಾಗಿ. ತೆರೆದ ಕೂಡಲೆ ಅವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಎಷ್ಟು ಕಿಲೋ ಕಡಿಮೆಯಾಗಬೇಕು ಎಂಬುದೂ ಒಂದು. ಹದಿನಾರರ ಹುಡುಗಿ ಅಲ್ಲಿ ಒಂದು ಅಂಕಿ ಒತ್ತಿದರೆ, ದಿನಕ್ಕೆ 1200 ಕ್ಯಾಲೊರಿ ಎಂಬಂಥ ಮಿತಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ. ಇದರ ಅರ್ಥವೇನೆಂಬುದನ್ನು ಪಾಲಕರು ಗಮನವಿಟ್ಟು ಓದಬೇಕೆಂದು ನನ್ನ ವಿನಂತಿ. 50 ಕಿಲೋ ತೂಕದ ಹುಡುಗಿಯಲ್ಲಿ ಕೊಬ್ಬನ್ನು ಬಿಟ್ಟು ಉಳಿದ ದೇಹದ ತೂಕ 40 ಕಿಲೋ ಎಂದುಕೊಳ್ಳಿ. ಅಭ್ಯಾಸಕ್ಕೆ ಅವಳು ದಿನಕ್ಕೆ 500 ಕ್ಯಾಲೊರಿ ಖರ್ಚುಮಾಡುತ್ತಾಳೆ ಎನ್ನಿ. 1200 ತಿಂದು 500 ಮೈದಾನದಲ್ಲಿ ಬಿಟ್ಟು ಬಂದರೆ ಹೃದಯ ಬಡಿಯಲು, ಎಲುಬು ಬೆಳೆಯಲು, ಮೆದುಳು ಓದಲು ಉಳಿಯುವುದು 700. ಅಂದರೆ ಕಿಲೋಗೆ 17.5. ಕ್ರೀಡಾವೈದ್ಯ ಸಂಶೋಧಕರು ಬಹುಕಾಲ ಅಪಾಯದ ಗೆರೆಯೆಂದು ಬಳಸಿದ್ದು ಕಿಲೋಗೆ 30 ಕ್ಯಾಲೊರಿಯನ್ನು. ಆ ಗೆರೆ ಎಲ್ಲರಿಗೂ ಒಂದೇ ಅಲ್ಲವೆಂದು ಈಚಿನ ವರ್ಷಗಳಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ನೋಡಿ, ಅವರೂ ಅರಿಸ್ಟಾಟಲನ ಕಡೆಗೇ ಬಂದರು. ಆದರೆ 17.5 ಎಂಬುದು ಯಾವ ಲೆಕ್ಕದಿಂದಲೂ ಸಾಲದು. ದೇಹಕ್ಕೆ ನೆಮ್ಮದಿಯೆನ್ನಿಸುವ 45ರ ಲೆಕ್ಕ ಹಿಡಿದರೆ ಅದೇ ಹುಡುಗಿ 2300 ಕ್ಯಾಲೊರಿ ತಿನ್ನಬೇಕು. ಆ್ಯಪ್ ಹೇಳಿದ್ದು ಅದರ ಅರ್ಧದಷ್ಟು.

ಹೀಗೆ ಹಸಿದ ದೇಹ ಮಾಡುವ ಉಳಿತಾಯಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಒಂದು ಹೆಸರಿಟ್ಟಿತು. ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ ಎಂದು ಅದರ ಅರ್ಥ. ದೇಹ ತನಗೆ ಸದ್ಯಕ್ಕೆ ಬೇಡವೆನಿಸಿದ ಖರ್ಚುಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಹುಡುಗಿಯರಲ್ಲಿ ತಿಂಗಳ ಋತುಸ್ರಾವ ತಪ್ಪುತ್ತದೆ. ಎಲುಬು ಸಡಿಲವಾಗಿ, ಬಿದ್ದುಗಿದ್ದು ಏನೂ ಆಗದೆಯೇ ಕಾಲಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಪದೇ ಪದೇ ಶೀತ, ಜ್ವರ. ಓದಿನಲ್ಲಿ ಮನಸ್ಸು ನಿಲ್ಲದು. ಹುಡುಗರೂ ಇದರಿಂದ ಮುಕ್ತರಲ್ಲ. ಋತುಸ್ರಾವದ ವಿಷಯವನ್ನು ಧರ್ಮಗುರುವೊಬ್ಬರು ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಿಯಾರು. ಏರಿಸಲಿ. ಮೂರು ತಿಂಗಳು ಮುಟ್ಟು ನಿಂತಿದ್ದರೂ, ಓಡುವ ಹುಡುಗಿಯರಿಗೆ ಹಾಗೆಯೇ ಎಂದು ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿರುವ ತಾಯಂದಿರಿದ್ದಾರೆ. ಅದು ಹಾಗೆಯೇ ಅಲ್ಲ. ಅದು ವೈದ್ಯರ ಬಳಿ ಹೋಗಬೇಕಾದ ಸಂಗತಿ. ಎಲುಬಿಗೆ ಕಸುವು ತುಂಬುವ ವಯಸ್ಸು ಮುಖ್ಯವಾಗಿ ಹದಿಹರೆಯವೇ. ಆಗ ಆದ ನಷ್ಟ ಮುಂದೆ ಪೂರ್ತಿ ತುಂಬಿಬರುವುದೆಂಬ ಭರವಸೆಯಿಲ್ಲ.

ಇನ್ನೊಂದು ಅಪಾಯ ನಮ್ಮ ಕ್ಷೇತ್ರಕ್ಕೆ ಹತ್ತಿರದ್ದು. ಕೆಲವು ಆ್ಯಪ್‌ಗಳಲ್ಲಿ ಮಿತಿ ಮೀರಿದೊಡನೆ ಅಂಕಿ ಕೆಂಪಾಗುತ್ತದೆ. ಮಗು ಪ್ರತಿ ರಾತ್ರಿ ಮಲಗುವ ಮುನ್ನ ಆ ದಿನ ತಿಂದದ್ದನ್ನೆಲ್ಲ ನಿವೇದಿಸಿ, ತೀರ್ಪಿಗಾಗಿ ಕಾಯುತ್ತದೆ. "ಇವತ್ತು ನಾನು ಒಳ್ಳೆಯವಳಾಗಿದ್ದೆ, ನಿನ್ನೆ ಕೆಟ್ಟವಳಾಗಿದ್ದೆ" ಎಂದು ಮಕ್ಕಳು ಒಂದು ಹೋಳಿಗೆಯ ಬಗ್ಗೆ ಮಾತನಾಡುವುದನ್ನು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಒಳಿತು, ಕೆಡುಕು, ಪಾಪ, ಪಶ್ಚಾತ್ತಾಪ ಎಂಬ ಮಾತುಗಳಿಗೆ ಅವುಗಳದೇ ಆದ ಜಾಗವಿದೆ. ಎರಡನೆಯ ದೋಸೆ ಆ ಜಾಗವಲ್ಲ. ಮಹಾ ಗ್ರೆಗೊರಿಯವರ ಪಟ್ಟಿಯನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಹೊಟ್ಟೆಬಾಕತನದ ಐದು ಬಗೆಗಳನ್ನು ವಿವರಿಸುತ್ತಾರೆ. ಅತಿಯಾಗಿ ತಿನ್ನುವುದು ಅವುಗಳಲ್ಲಿ ಒಂದು ಮಾತ್ರ. ಊಟದ ವಿಷಯದಲ್ಲಿ ಅತಿಯಾದ ನಾಜೂಕೂ ಆ ಪಟ್ಟಿಯಲ್ಲಿದೆ. ದಿನವಿಡೀ ಊಟದ ಲೆಕ್ಕದಲ್ಲೇ ಮುಳುಗಿರುವವನು ಕಡಿಮೆ ತಿಂದರೂ ಊಟದ ಗುಲಾಮನೇ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇದು ಗ್ರಂಥದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಆಹಾರಸಂಬಂಧಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರನ್ನು ಕುರಿತು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರು 'ಮೈಫಿಟ್‌ನೆಸ್‌ಪಾಲ್' ಎಂಬ ಲೆಕ್ಕದ ಆ್ಯಪನ್ನು ಬಳಸಿದ್ದವರು. ಹಾಗೆ ಬಳಸಿದವರಲ್ಲಿ ಹೆಚ್ಚಿನವರು, ತಮ್ಮ ರೋಗಕ್ಕೆ ಅದೂ ಒಂದಿಷ್ಟು ಕಾರಣವೆಂದು ಭಾವಿಸಿದ್ದರು. ಆ್ಯಪಿನಿಂದಲೇ ರೋಗ ಬಂತೆಂದು ಇದರಿಂದ ಸಿದ್ಧವಾಗುವುದಿಲ್ಲ, ತರ್ಕಶಾಸ್ತ್ರ ಓದಿದವನು ಹಾಗೆ ಹೇಳಬಾರದು. ಆದರೆ ಬೆಂಕಿ ಇರುವ ಕಡೆ ಇದು ಗಾಳಿ ಹಾಕಬಲ್ಲದು ಎಂಬಷ್ಟು ಎಚ್ಚರ ಸಾಕು.

ತಪಸ್ಸುಕಾಲ ಬಂದಾಗ ಕೆಲವು ಪಾಲಕರು ಕೇಳುವ ಪ್ರಶ್ನೆಗೂ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. 1983ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ ಮಾಂಸವರ್ಜನೆಯ ಕಟ್ಟಳೆ 14 ವರ್ಷ ತುಂಬಿದವರಿಗೆ. ಉಪವಾಸದ ಕಟ್ಟಳೆ 18 ತುಂಬಿದವರಿಗೆ ಮಾತ್ರ. ಹೈಸ್ಕೂಲಿನ ಓಟಗಾರ್ತಿ ವಿಭೂತಿ ಬುಧವಾರದಂದು ಉಪವಾಸವಿದ್ದು ಅಭ್ಯಾಸಕ್ಕೆ ಹೋಗಲೇಬೇಕೆಂದು ಧರ್ಮಸಭೆ ಎಲ್ಲೂ ಹೇಳಿಲ್ಲ. ತೂಕ ಇಳಿಸುವ ಆಸೆಗೆ ತಪಸ್ಸಿನ ಹೆಸರು ಕೊಡುವುದಂತೂ ತಪಸ್ಸಿಗೂ ಅವಮಾನ, ಮೈಗೂ ಅಪಕಾರ. ತ್ಯಾಗ ಮಾಡಲೇಬೇಕೆಂದಿದ್ದರೆ ಆ ಹುಡುಗಿ ನಲವತ್ತು ದಿನ ಆ ಆ್ಯಪನ್ನೇ ಮುಚ್ಚಿಡಬಹುದು.

ಇನ್ನು ಪುಡಿಯ ಡಬ್ಬದ ಕಥೆ. ಮೇ 2024ರಲ್ಲಿ ಪ್ರಕಟವಾದ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 17 ಸೂತ್ರಗಳ ಆಹಾರ ಮಾರ್ಗದರ್ಶಿಯು, ಮೈಕಟ್ಟು ಬೆಳೆಸಲು ಪ್ರೊಟೀನ್ ಪುಡಿಗಳನ್ನು ಬಳಸಬೇಡಿರೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಎಷ್ಟೋ ಉಚಿತ ಆ್ಯಪ್‌ಗಳು ಪಾಠ ಹೇಳುತ್ತ ಹೇಳುತ್ತಲೇ ನಡುವೆ ಜಾಹೀರಾತು ತೋರಿಸುತ್ತವೆ. ಮೇಷ್ಟರೇ ಅಂಗಡಿಯನ್ನೂ ಇಟ್ಟುಕೊಂಡಂತೆ. ಇದರಲ್ಲಿ ಹಣ ಪೋಲಾಗುವುದೊಂದೇ ನಷ್ಟವಲ್ಲ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು 2010ರ ಗುವಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ಗೆದ್ದಾಗ ಇಡೀ ಕರಾವಳಿ ಸಂಭ್ರಮಿಸಿತು. ಮರುವರ್ಷವೇ ಅವರೂ ಇನ್ನೂ ಕೆಲವು ಓಟಗಾರ್ತಿಯರೂ ನಿಷೇಧಿತ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ತಂದುಕೊಟ್ಟ ಜಿನ್‌ಸೆಂಗ್ ಎಂಬ ಪೂರಕದಿಂದ ಹೀಗಾಯಿತೆಂಬುದು ಅವರ ವಾದವಾಗಿತ್ತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಯಾರ ಮನಸ್ಸಿನಲ್ಲಿ ಏನಿತ್ತೆಂದು ನಾವು ತೀರ್ಪು ಕೊಡುವುದು ಬೇಡ. ಆದರೆ ಉದ್ದೀಪನಮದ್ದಿನ ಕಾನೂನು ಬಲು ಕಠಿಣ. ಮೈಯೊಳಗೆ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ, ಯಾರು ಕೊಟ್ಟರೆಂಬುದು ಆಮೇಲಿನ ಮಾತು. ಇಲ್ಲಿ ಮಾತ್ರ ಆ್ಯಪ್ ನಿಜವಾಗಿ ಕಾವಲುಗಾರನಾಗಬಲ್ಲದು. ಔಷಧಿಯ ಹೆಸರು ಹಾಕಿದರೆ ಅದರಲ್ಲಿ ನಿಷೇಧಿತ ವಸ್ತುವಿದೆಯೇ ಎಂದು ತಿಳಿಸುವ 'ನೋ ಯುವರ್ ಮೆಡಿಸಿನ್' ಎಂಬ ಆ್ಯಪನ್ನು ರಾಷ್ಟ್ರೀಯ ಉದ್ದೀಪನಮದ್ದು ತಡೆ ಸಂಸ್ಥೆಯೇ ಕೊಟ್ಟಿದೆ. ಕೆಮ್ಮಿನ ಔಷಧಿ ಕುಡಿಸುವ ಮುನ್ನವೂ ಅದನ್ನು ನೋಡುವುದು ಒಳ್ಳೆಯದು. ಡಬ್ಬದ ಪುಡಿಯಲ್ಲಿ ಚೀಟಿಯ ಮೇಲೆ ಬರೆಯದೆ ಬೆರೆತದ್ದೇನಾದರೂ ಇದ್ದರೆ ಅದು ಯಾವ ಆ್ಯಪಿಗೂ ತಿಳಿಯದು.

ಮಗುವಿನ ತೂಕ, ಎತ್ತರ, ಋತುಚಕ್ರ, ಊಟ ಇವೆಲ್ಲ ಯಾರ ಕೈಗೆ ಹೋಗುತ್ತವೆಂಬುದನ್ನೂ ಕೇಳಬೇಕು. 2018ರಲ್ಲಿ ಮೈಫಿಟ್‌ನೆಸ್‌ಪಾಲ್ ಆ್ಯಪಿನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳ್ಳರ ಪಾಲಾಯಿತು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ಗುಂಡಿ ಒತ್ತುವುದು ಮಗುವೇ ಆದರೆ ಕಾಯಿದೆ ಏನು ಮಾಡೀತು? ತಂಡದ ಹುಡುಗಿಯರ ತೂಕವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವ ತರಬೇತುದಾರರು ಇದ್ದಾರೆ. ಅಂಥವರಿಗೆ ಪಾಲಕರು ನಯವಾಗಿಯೇ, ಆದರೆ ಅನುಮಾನಕ್ಕೆಡೆಯಿಲ್ಲದಂತೆ, ನಿಲ್ಲಿಸಿರೆಂದು ಹೇಳಬೇಕು.

ಹಾಗಾದರೆ ಬೇಕೋ ಬೇಡವೋ? ನನ್ನ ಅಭಿಪ್ರಾಯ ಇಷ್ಟು. ಆ್ಯಪನ್ನು ಪಠ್ಯಪುಸ್ತಕದಂತೆ ಬಳಸಿರಿ, ತಕ್ಕಡಿಯಂತೆ ಬಳಸಬೇಡಿ. ಶಾಲೆ ತೆರೆದ ಹೊಸದರಲ್ಲಿ ಒಂದು ವಾರ, ಶಿಕ್ಷಕರ ಕಣ್ಣೆದುರು, ಮಕ್ಕಳು ತಾವು ತಿಂದದ್ದನ್ನು ಅದರಲ್ಲಿ ಹುಡುಕಿ ನೋಡಲಿ. ಕ್ಯಾಲೊರಿಯ ಅಂಕಿಗಿಂತ ಏನು ಬಿಟ್ಟುಹೋಗಿದೆ ಎಂಬುದನ್ನು ಹುಡುಕಲಿ. ಕಾಳು ಬಂತೇ, ಸೊಪ್ಪು ಬಂತೇ, ಅಭ್ಯಾಸ ಮುಗಿದು ಎಷ್ಟು ಹೊತ್ತಿಗೆ ಹೊಟ್ಟೆಗೆ ಏನು ಬಿತ್ತು? ತೂಕ ಇಳಿಸುವ ಗುರಿಯನ್ನು ಯಾವ ಮಗುವೂ ಒತ್ತಕೂಡದು. ಒಂದು ವಾರದಲ್ಲಿ ಕಲಿಯುವುದನ್ನು ಕಲಿತು ಆ್ಯಪನ್ನು ಮುಚ್ಚಲಿ, ಮತ್ತೆ ಮುಂದಿನ ಅವಧಿಗೆ ತೆರೆಯಲಿ. ಮಗ್ಗಿ ಕಲಿತ ಮೇಲೆ ಯಾರೂ ದಿನಾ ಮಗ್ಗಿಪುಸ್ತಕ ಹಿಡಿದುಕೊಂಡು ತಿರುಗುವುದಿಲ್ಲ.

ಆದರೆ ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯಿದೆ. ನಾವು ಪಾಠವನ್ನು ತಪ್ಪು ವಿದ್ಯಾರ್ಥಿಗೆ ಹೇಳುತ್ತಿದ್ದೇವೆಯೋ ಎಂಬ ಸಂಶಯ. ಹಾಸ್ಟೆಲಿನಲ್ಲಿರುವ ಹುಡುಗನ ಮೊಬೈಲಿಗೆ, "ನಿನ್ನ ಇಂದಿನ ಊಟದಲ್ಲಿ ಪ್ರೊಟೀನ್ ಕಡಿಮೆ" ಎಂಬ ಸಂದೇಶ ಬರುತ್ತದೆ. ಅವನೇನು ಮಾಡಿಯಾನು? ಮೆಸ್ಸಿನಲ್ಲಿ ಬಡಿಸಿದ್ದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಗೊತ್ತಿದ್ದೂ ಸಿಗದ ಸ್ಥಿತಿ, ಗೊತ್ತಿಲ್ಲದ ಸ್ಥಿತಿಗಿಂತ ಕಹಿ. ಹುಡುಗನ ಕೈಯಲ್ಲಿರುವುದು ತುತ್ತು ಮಾತ್ರ, ಪಾತ್ರೆ ನಮ್ಮ ಕೈಯಲ್ಲಿದೆ. ಅದರಲ್ಲಿ ಏನು ಬೇಯಬೇಕೆಂದು ತೀರ್ಮಾನಿಸುವವರು ಆಡಳಿತ ಮಂಡಳಿಯವರು, ವಾರ್ಡನ್‌ಗಳು, ಪಾಲಕರು, ಮತ್ತು ನಮ್ಮ ಧರ್ಮಪ್ರಾಂತ್ಯಗಳ ಶಾಲೆಗಳಲ್ಲಿ ನಾವು ಧರ್ಮಗುರುಗಳು, ಧರ್ಮಭಗಿನಿಯರು. ಗೆದ್ದು ಬಂದಾಗ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವವರೂ ನಾವೇ. ಒಂದು ಟ್ರೋಫಿ ಸಮಾರಂಭದ ಶಾಮಿಯಾನಕ್ಕೆ ಆಗುವ ಖರ್ಚಿನಲ್ಲಿ ಒಂದು ತಂಡಕ್ಕೆ ಎಷ್ಟು ದಿನ ಬೆಳಗಿನ ಮೊಟ್ಟೆ, ಬಾಳೆಹಣ್ಣು ಬರುತ್ತದೆಂದು ಯಾರಾದರೂ ಕೂಡಿಸಿ ನೋಡಬಹುದು. ಅದಕ್ಕೆ ಆ್ಯಪ್ ಬೇಕಿಲ್ಲ.

ಆದ್ದರಿಂದ ಈ ಜೂನ್ ತಿಂಗಳಲ್ಲಿ ಶಾಲೆಗಳು ಕ್ರೀಡಾಪಟುಗಳ ಪಾಲಕರ ಸಭೆ ಕರೆಯುವಾಗ ಮೂವರನ್ನು ಹೆಚ್ಚಿಗೆ ಕರೆಯಲಿ: ಹತ್ತಿರದ ಆಸ್ಪತ್ರೆಯ ಆಹಾರತಜ್ಞೆ, ಹಾಸ್ಟೆಲಿನ ಅಡುಗೆಯವರು, ಶಾಲೆಯ ಕ್ಯಾಂಟೀನ್ ನಡೆಸುವವರು. ಆ್ಯಪನ್ನು ಅಡುಗೆಯವರ ಮೊಬೈಲಿನಲ್ಲೂ ತೆರೆದು ತೋರಿಸಲಿ. ಅಭ್ಯಾಸ ಮುಗಿಯುವುದು ಏಳೂವರೆಗೆ, ತರಗತಿ ಆರಂಭವಾಗುವುದು ಒಂಬತ್ತಕ್ಕೆ. ನಡುವಿನ ಒಂದೂವರೆ ಗಂಟೆಯಲ್ಲಿ ಮೈದಾನದ ಪಕ್ಕದಲ್ಲೇ ಬಿಸಿ ಗಂಜಿ, ಬೇಯಿಸಿದ ಹೆಸರುಕಾಳು, ಒಂದು ಮೊಟ್ಟೆ ಸಿಗುವಂತೆ ಮಾಡಲು ಯಾರು ಯಾರು ಎಷ್ಟೆಷ್ಟು ಕೊಡುತ್ತಾರೆಂದು ಆ ಸಭೆಯಲ್ಲೇ ಹೆಸರು ಬರೆದುಕೊಳ್ಳಲಿ. ನಮ್ಮ ಚರ್ಚಿನ ಪಾಲನ್ನೂ ಮೊದಲ ಸಾಲಿನಲ್ಲೇ ಬರೆಯಬಹುದು.